ಸೋಮವಾರದ ವಿಜ್ಞಾನ ಕ್ಲಬ್ಬಿಗೆ

ಹೆತ್ತವರಿಗೆಲ್ಲ ನಮಸ್ಕಾರ. ಸೋಮವಾರ 7ನೇ ಕ್ಲಾಸಿನ ಮಕ್ಕಳಿಗೆ ಬಲ ಮತ್ತು ಚಲನೆಯ ಪರಿಚಯ. ಸೂತ್ರ ಬಾಯಿಪಾಠ ಮಾಡಿಸಬೇಡಿ. ಒಂದು ಗ್ಲಾಸು, ತುಂಡು ರಟ್ಟು, ಒಂದು ಒಣ ಅಡಿಕೆ ಕಳಿಸಿ, ಸಾಕು. ಗ್ಲಾಸಿನ ಮೇಲೆ ರಟ್ಟು, ಅದರ ಮೇಲೆ ಅಡಿಕೆ. ರಟ್ಟನ್ನು ಬೆರಳಿನಿಂದ ಟಪ್ ಅಂತ ಚಿಮ್ಮಿದರೆ ಅಡಿಕೆ ಗ್ಲಾಸಿನೊಳಗೇ ಬೀಳುತ್ತದೆ. ಮೆಲ್ಲಗೆ ಎಳೆದರೆ ರಟ್ಟಿನ ಜೊತೆಗೇ ಹೋಗುತ್ತದೆ. ಯಾಕೆ ಅಂತ ಅವರೇ ಹೇಳಲಿ! ಬದಿಯಡ್ಕ ಬಸ್ಸು ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ವಾಲುವುದೂ ಇದೇ ಜಡತ್ವದಿಂದ, ಅಂದರೆ ಇದ್ದ ಸ್ಥಿತಿಯಲ್ಲೇ ಇರಲು ನೋಡುವ ವಸ್ತುವಿನ ಗುಣದಿಂದ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮ ಇದು.

ಮೂರನೆಯ ನಿಯಮ ಸ್ವಲ್ಪ ತಕರಾರಿನದು. ಕ್ರಿಯೆ, ಪ್ರತಿಕ್ರಿಯೆ ಸಮ, ದಿಕ್ಕು ಮಾತ್ರ ವಿರುದ್ಧ ಅಂದರೆ "ಹಾಗಾದರೆ ಏನೂ ಅಲುಗಾಡಬಾರದು, ಅಲ್ವಾ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅವೆರಡೂ ಬೇರೆ ಬೇರೆ ವಸ್ತುಗಳ ಮೇಲೆ ಬೀಳುವ ಬಲಗಳು, ಹಾಗಾಗಿ ಒಂದನ್ನೊಂದು ರದ್ದು ಮಾಡುವುದಿಲ್ಲ. ಇದನ್ನು ತೋರಿಸಲು ಬಲೂನು ನಾವೇ ತರುತ್ತೇವೆ. ಗಾಜಿನ ಗ್ಲಾಸು ಬೇಡ, ಸ್ಟೀಲಿನದೇ ಕಳಿಸಿ.