ಪ್ಯಾನ್‌ಕೇಕ್ ಯಾವ ಬಣ್ಣದ್ದು ಬೇಕು?

ಹಾರ್ಲೆಮ್, ನ್ಯೂಯಾರ್ಕ್
ಫೆಬ್ರವರಿ 9

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನು ಕ್ಷೇಮ. ಚಳಿ ಇನ್ನೂ ಇಳಿದಿಲ್ಲ. ಅಮ್ಮ ಹೆಣೆದ ಸ್ವೆಟರ್ ಒಳಗೆ, ಇಲ್ಲಿ ಕೊಂಡ ಕೋಟು ಹೊರಗೆ. ಎರಡೂ ಇಲ್ಲದೆ ಹೊಸಿಲು ದಾಟುವುದಿಲ್ಲ ಎಂದು ಅವಳಿಗೆ ಹೇಳು.

ನಿನ್ನ ನೃತ್ಯಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಮುಖಕ್ಕೆ ಹಚ್ಚುವ ಪ್ಯಾನ್‌ಕೇಕ್ ಮೇಕಪ್ ಕಳುಹಿಸು ಎಂದಿದ್ದೆಯಲ್ಲ, ಕಳೆದ ವಾರವೇ ಅಂಗಡಿಗೆ ಹೋಗಿದ್ದೆ. ಬರಿಗೈಯಲ್ಲಿ ಬಂದೆ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೋ.

ನನ್ನ ಕೋಣೆಯಿಂದ ಐದು ನಿಮಿಷ ನಡೆದರೆ 152ನೇ ಬೀದಿಯಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಎಂಬ ಬ್ಯಾಲೆ ಕಂಪನಿಯ ಕಟ್ಟಡವಿದೆ. ಒಂದು ಭಾನುವಾರ ಎಲ್ಲರಿಗೂ ಪ್ರವೇಶವಿತ್ತು. ಒಳಗೆ ಬೆಚ್ಚಗಿರುತ್ತದೆ ಎಂದು ಹೊಕ್ಕವನು ನಾನು, ಕಲಾಭಿಮಾನ ಏನೂ ಅಲ್ಲ. ಓಣಿಯಂಥ ಜಾಗದಲ್ಲಿ ಒಬ್ಬ ಹುಡುಗಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಕಂದು ಬಣ್ಣದ ಪ್ಯಾನ್‌ಕೇಕ್ ಡಬ್ಬಿ, ಕೈಯಲ್ಲಿ ಒದ್ದೆ ಸ್ಪಂಜು. ಹಚ್ಚುತ್ತಿದ್ದದ್ದು ಮುಖಕ್ಕಲ್ಲ, ಶೂಗೆ! ಗುಲಾಬಿ ಸ್ಯಾಟಿನ್ ಶೂ ಮೇಲೆ ಒಂದು ಪದರ ಬಳಿದು, ಆರಲು ಬಿಟ್ಟು, ಮತ್ತೊಂದು ಪದರ. ನಡುನಡುವೆ ಅದನ್ನು ಮುಂಗೈ ಪಕ್ಕಕ್ಕೆ ಹಿಡಿದು ನೋಡುತ್ತಿದ್ದಳು, ಅಮ್ಮ ರವಿಕೆ ಕಣವನ್ನು ಸೀರೆಯ ಅಂಚಿಗೆ ಹಿಡಿದು ನೋಡುವ ಹಾಗೆ. ರಿಬ್ಬನ್ನಿಗೂ ಅದೇ ಉಪಚಾರ.

ತಡೆಯಲಾರದೆ ಕೇಳಿಬಿಟ್ಟೆ. ಬ್ಯಾಲೆಯಲ್ಲಿ ಸೊಂಟದಿಂದ ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ ಕಾಣಬೇಕಂತೆ. ಬಿಳಿಯರ ಕಾಲಿಗೆ ಗುಲಾಬಿ ಶೂ ಮೈಬಣ್ಣದ ಮುಂದುವರಿಕೆ. ಕಪ್ಪು ಹುಡುಗಿಯಾದ ಇವಳ ಕಾಲಿಗೆ ಅದೇ ಶೂ ಹಾಕಿದರೆ ಗೆರೆ ಹರಡಿನ ಹತ್ತಿರ ತುಂಡಾಗುತ್ತದೆ. ಇದನ್ನೂ ನಾವು ಪ್ಯಾನ್‌ಕೇಕ್ ಹಾಕುವುದು ಎಂದೇ ಕರೆಯುತ್ತೇವೆ ಎಂದಳು. ನನಗೆ ನೀನು ನೆನಪಾದೆ.

ಈ ಕಂಪನಿ ಕಟ್ಟಿದವರು ಆರ್ಥರ್ ಮಿಚೆಲ್ ಎಂಬ ಕಪ್ಪು ನರ್ತಕ. 1934ರಲ್ಲಿ ಇದೇ ಹಾರ್ಲೆಮ್‌ನಲ್ಲಿ ಹುಟ್ಟಿದವರು. ಅಪ್ಪ ಜೈಲಿಗೆ ಹೋದಾಗ 12ರ ಹುಡುಗ. ಶೂ ಪಾಲಿಷ್ ಮಾಡಿ, ಪೇಪರ್ ಹಾಕಿ ಮನೆಗೆ ನಾಲ್ಕು ಕಾಸು ತಂದರು. 1955ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದರು. 1957ರಲ್ಲಿ ಅಲ್ಲಿನ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ತಮ್ಮ ‘ಅಗಾನ್’ ಕೃತಿಯ ಯುಗಳ ನೃತ್ಯವನ್ನು ಇವರಿಗೂ ಬಿಳಿಯ ನರ್ತಕಿ ಡಯಾನಾ ಆಡಮ್ಸ್‌ಗೂ ಎಂದೇ ಹೆಣೆದರು. ಕಪ್ಪು ಕೈ, ಬಿಳಿ ಕಾಲು ಒಂದರ ಪಕ್ಕ ಒಂದು ಕಾಣುವುದೂ ಆ ಸಂಯೋಜನೆಯ ಭಾಗವೇ. ರಂಗದ ಮೇಲೆ ಅದಕ್ಕೆ ಮೆಚ್ಚುಗೆ ಸಿಕ್ಕಿತು. ಅಮೆರಿಕದ ವಾಣಿಜ್ಯ ಟಿವಿಗೆ ಮಾತ್ರ ಅದನ್ನು ತೋರಿಸುವ ಧೈರ್ಯ ಬರಲು 1968 ಆಗಬೇಕಾಯಿತು.

ಆ ವರ್ಷ ಏಪ್ರಿಲ್ 4ರಂದು, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಮಿಚೆಲ್ ಆಗ ವಿಮಾನ ನಿಲ್ದಾಣದ ದಾರಿಯಲ್ಲಿದ್ದರು. ಬ್ರೆಜಿಲ್‌ನಲ್ಲಿ ಬ್ಯಾಲೆ ಕಂಪನಿ ಕಟ್ಟುವ ಕೆಲಸ ಒಪ್ಪಿಕೊಂಡಿದ್ದರು. ಪರದೇಶದಲ್ಲಿ ಮಾಡುವ ಕೆಲಸವನ್ನು ನನ್ನ ಕೇರಿಯಲ್ಲೇ ಯಾಕೆ ಮಾಡಬಾರದು ಎನ್ನಿಸಿತು. (ಇದನ್ನು ಅಪ್ಪನಿಗೆ ಓದಿ ಹೇಳಬೇಡ, ನನ್ನನ್ನು ಊರಿಗೆ ಕರೆಸಲು ಅವರಿಗೆ ಹೊಸ ಆಧಾರ ಸಿಕ್ಕಂತಾಗುತ್ತದೆ.)

ಒಂದು ಗ್ಯಾರೇಜಿನಲ್ಲಿ 30 ಮಕ್ಕಳೊಂದಿಗೆ ಪಾಠ ಶುರುವಾಯಿತು. ಬೇಸಿಗೆಯ ಸೆಕೆಗೆ ಬಾಗಿಲು ತೆರೆದಿಟ್ಟರು. ಬೀದಿಯಲ್ಲಿ ಹೋಗುವವರು ಇಣುಕಿದರು, ಇಣುಕಿದವರ ಮಕ್ಕಳು ಒಳಗೆ ಬಂದರು. ಬಿಗಿಯಾದ ಟೈಟ್ಸ್ ತೊಡಲು ಹುಡುಗರು ನಾಚಿದಾಗ, ಕತ್ತರಿಸಿದ ಜೀನ್ಸ್‌ನಲ್ಲೇ ಬನ್ನಿ ಎಂದರಂತೆ. ಆ ಒಂದು ಮಾತಿಗೆ ನಾನು ಅವರಿಗೆ ಮಾರುಹೋದೆ. ಕೆಲವೇ ತಿಂಗಳಲ್ಲಿ ಮಕ್ಕಳು 400. ತಮ್ಮ ಗುರು ಕರೆಲ್ ಶುಕ್ ಜೊತೆ ಸೇರಿ 1969ರಲ್ಲಿ ಕಂಪನಿ ಸ್ಥಾಪಿಸಿದರು. ಪ್ರಶಸ್ತಿಗಳ ಪಟ್ಟಿ ಉದ್ದವಿದೆ, ಬಿಡು. 1984ರಲ್ಲಿ ‘ಜಿಸೆಲ್’ ಎಂಬ ಹಳೆಯ ಬ್ಯಾಲೆಯನ್ನು ಯುರೋಪಿನ ಹಳ್ಳಿಯಿಂದ ಎತ್ತಿ ಅಮೆರಿಕದ ಲೂಸಿಯಾನ ರಾಜ್ಯದ ಸ್ವತಂತ್ರ ಕಪ್ಪು ಜನರ ನಡುವೆ ಇಟ್ಟರು. ಅಲ್ಲಿ ಮನೆತನದ ಅಂತಸ್ತು ಅಳೆಯುವುದು ಗುಲಾಮಗಿರಿಯಿಂದ ಎಷ್ಟು ತಲೆಮಾರು ದೂರ ಬಂದಿದ್ದಾರೆ ಎಂಬುದರಿಂದ. ಹೆಜ್ಜೆಗಳು ಹಳೆಯವೇ, ಚುಚ್ಚುವ ಜಾಗ ಬೇರೆ. 2004ರಲ್ಲಿ ಸಾಲ ಹೆಚ್ಚಾಗಿ ಕಂಪನಿಯ ಪ್ರದರ್ಶನ ನಿಂತುಹೋಯಿತು. ಶಾಲೆ ನಿಲ್ಲಲಿಲ್ಲ. 2012ರಲ್ಲಿ ಕಂಪನಿ ಮತ್ತೆ ರಂಗಕ್ಕೆ ಬಂತು.

ಶೂ ವಿಷಯಕ್ಕೆ ಬರುತ್ತೇನೆ. ಮೈಬಣ್ಣದ ಟೈಟ್ಸ್, ಮೈಬಣ್ಣದ ಶೂ ಇಲ್ಲಿ 1970ರ ದಶಕದಿಂದ ನಡೆದುಬಂದ ಪದ್ಧತಿ. ಎಲ್ಲರಿಗೂ ಒಂದೇ ಕಂದು ಅಲ್ಲ, ಒಬ್ಬೊಬ್ಬರಿಗೆ ಅವರವರದು. ಲಂಡನ್ನಿನ ಹೆಸರಾಂತ ಫ್ರೀಡ್ ಕಂಪನಿ ಕಂದು ಬಣ್ಣದ ಬ್ಯಾಲೆ ಶೂಗಳನ್ನು ಮಾರಾಟಕ್ಕೆ ತಂದದ್ದು 2018ರಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಿಚೆಲ್ ತೀರಿಕೊಂಡರು. ಅಷ್ಟು ವರ್ಷ ಈ ಹುಡುಗಿಯರದು ಸ್ಪಂಜಿನ ಕೆಲಸ.

ಅಕ್ಕ, ನಮ್ಮ ಪಡಸಾಲೆಯಲ್ಲಿರುವ ನಿನ್ನ ರಂಗಪ್ರವೇಶದ ಫೋಟೊ ಒಮ್ಮೆ ನೋಡು. ಮೇಕಪ್ಪಿನವರು ನಿನ್ನ ಮುಖಕ್ಕೆ ಬಳಿದದ್ದು ಗುಲಾಬಿ ಬಣ್ಣ. ಕುತ್ತಿಗೆಯವರೆಗೆ ಯಾರೋ ಒಬ್ಬಳು, ಕೈ ಮಾತ್ರ ನಿನ್ನದು. ಬೆವರು ಇಳಿದ ಕಿವಿಯ ಪಕ್ಕದಲ್ಲಿ ನೀನು ಒಂದು ಗೆರೆಯಷ್ಟು ಕಾಣುತ್ತೀಯ. ಅಜ್ಜಿ ಅದನ್ನು ನೋಡಿ, “ಈಗ ಲಕ್ಷಣವಾಗಿದ್ದಾಳೆ” ಎಂದಿದ್ದರು. ನೀನು ನಕ್ಕಿದ್ದೆ. ರಾತ್ರಿ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಮುಖ ಕೆಂಪಾಗಿಸಿಕೊಂಡದ್ದು, ಬಾಗಿಲ ಹೊರಗೆ ಸರದಿ ಕಾಯುತ್ತಿದ್ದ ನನಗೆ ಮಾತ್ರ ಗೊತ್ತು.

ಅಂಗಡಿಯಲ್ಲಿ “ಯಾವ ಬಣ್ಣ?” ಎಂದು ಕೇಳಿದರು. ನಿನ್ನ ಚೀಟಿಯಲ್ಲಿ ಇದ್ದದ್ದು “ಆರು ಡಬ್ಬಿ, ತಿಳಿ ಬಣ್ಣ” ಎಂದಷ್ಟೇ. ತರಲು ಮನಸ್ಸಾಗಲಿಲ್ಲ. ಮಗು ಬೆಳ್ಳಗೆ ಕಾಣಬೇಕು ಎಂದು ಅಪ್ಪ ಅಮ್ಮಂದಿರು ಗೊಣಗುತ್ತಾರೆ, ಅದೂ ಗೊತ್ತು. ಅವರನ್ನು ನೀನು ನೋಡಿಕೋ. ಜೋರು ನಿನಗೆ ಹೇಳಿಕೊಡಬೇಕಾಗಿಲ್ಲ. ನನಗೆ ಒಬ್ಬೊಬ್ಬ ಮಗುವಿನ ಮುಂಗೈ ಫೋಟೊ ತೆಗೆದು ಕಳುಹಿಸು. ಬೆಳಗಿನ ಬೆಳಕಿನಲ್ಲಿ ತೆಗೆ, ಟ್ಯೂಬ್‌ಲೈಟ್ ಕೆಳಗೆ ಬೇಡ. ಮುಂದಿನ ಶನಿವಾರದೊಳಗೆ ಬಂದರೆ ಪಾರ್ಸೆಲ್ ಸಮಯಕ್ಕೆ ತಲುಪುತ್ತದೆ.

ಭಾವನಿಗೆ, ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ