ಚೌಡಿಯನ್ನು ಯಾವ ಕಾಲಂನಲ್ಲಿ ಬರೆದುಕೊಳ್ಳುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಯಾವ ದೇಶದಲ್ಲಿ ಭಕ್ತಿ ಜಾಸ್ತಿ, ಎಲ್ಲಿ ಕಡಿಮೆ ಎಂಬ ಪಟ್ಟಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬಂದ ದಿನ ನಮ್ಮ ತೀರ್ಥಹಳ್ಳಿ ಕಡೆಯ ಹೋಟೆಲುಗಳಲ್ಲೂ ಅದೇ ಮಾತು. ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ನಾಚಿಕೆ. ಅಲ್ಲಿ ಕೇಳಿದ ಪ್ರಶ್ನೆ ಏನು ಅಂತ ಮಾತ್ರ ಯಾರೂ ನೋಡುವುದಿಲ್ಲ.

2009ರಲ್ಲಿ ಅಮೆರಿಕದ ಗ್ಯಾಲಪ್ ಅನ್ನುವ ಸಮೀಕ್ಷೆ ಸಂಸ್ಥೆ 114 ದೇಶಗಳಲ್ಲಿ ಕೇಳಿದ್ದು ಇಷ್ಟೇ: ನಿಮ್ಮ ದಿನನಿತ್ಯದ ಬದುಕಿನಲ್ಲಿ ಧರ್ಮ ಮುಖ್ಯವೇ? ಬಾಂಗ್ಲಾದೇಶದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೌದು ಅಂದರು, ಎಸ್ಟೋನಿಯಾದಲ್ಲಿ ನೂರಕ್ಕೆ 16 ಜನ. ನಮ್ಮಪ್ಪನನ್ನು ಕೇಳಿದ್ದರೆ 'ಅದೆಲ್ಲ ನಮಗೆ ಗೊತ್ತಾಗಲ್ಲ ಮಾರಾಯ' ಅಂತ ಎದ್ದು ತೋಟಕ್ಕೆ ಹೋಗುತ್ತಿದ್ದರು. ದೇವಸ್ಥಾನದ ಮೆಟ್ಟಿಲು ಹತ್ತಿದವರಲ್ಲ. ಆದರೆ ನಮ್ಮ ಕಡೆಯ ಊರದೇವತೆ ಚೌಡಿಯ ಬನದಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ತರಲು ಬಿಡುತ್ತಿರಲಿಲ್ಲ, ಭೂಮಿ ಹುಣ್ಣಿಮೆ ದಿನ ಬೆಳಕು ಹರಿಯುವ ಮೊದಲೇ ಭೂಮಿತಾಯಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಯಲ್ಲಿ ಇರುತ್ತಿದ್ದರು. ಇವರು ಧಾರ್ಮಿಕರೋ ಅಲ್ಲವೋ? ಇನ್ನು ನಮ್ಮಲ್ಲಿ ಧರ್ಮ ಅಂದರೆ ದಾನವೂ ಹೌದು, ಪುಕ್ಕಟೆಯೂ ಹೌದು. ಕಳ್ಳ ಸಿಕ್ಕಿಬಿದ್ದಾಗ ಬೀಳುವುದೂ ಧರ್ಮದೇಟೇ!

ಅಮೆರಿಕದ್ದೇ ಇನ್ನೊಂದು ಸಮೀಕ್ಷೆ ಸಂಸ್ಥೆ ಪ್ಯೂ 2019-20ರಲ್ಲಿ ಭಾರತದ ಸುಮಾರು 30 ಸಾವಿರ ಜನರನ್ನು 17 ಭಾಷೆಗಳಲ್ಲಿ ಮಾತಾಡಿಸಿತ್ತು. ದೇವರನ್ನು ನಂಬುತ್ತೇವೆ ಅಂದವರು ನೂರಕ್ಕೆ 97. ದಿನಾ ಪ್ರಾರ್ಥನೆ ಮಾಡುತ್ತೇವೆ ಅಂದವರು 60. ಅದೇ ಜನ, ಅದೇ ಸಮೀಕ್ಷೆ. ಯಾವ ಅಂಕಿ ಹಿಡಿದು ನಮಗೆ ನಂಬರ್ ಕೊಡುತ್ತೀರಿ? ಇಲ್ಲಿನ ಬೌದ್ಧರಲ್ಲಿ ಮೂರರಲ್ಲಿ ಒಬ್ಬರು ದೇವರನ್ನು ನಂಬುವುದಿಲ್ಲ ಅಂದಿದ್ದಾರೆ, ಹಾಗಂತ ಅವರಿಗೆ ಧರ್ಮವೇ ಇಲ್ಲ ಅನ್ನೋಕಾಗುತ್ತಾ?

ಜಪಾನಿನದು ಇನ್ನೂ ಮಜಾ. ಅಲ್ಲಿನ ಹಳೆಯ ಧರ್ಮವಾದ ಶಿಂಟೋದ ಗುಡಿಗಳು, ಬೌದ್ಧ ದೇಗುಲಗಳು ಕೊಡುವ ಭಕ್ತರ ಲೆಕ್ಕ ಕೂಡಿದರೆ ದೇಶದ ಜನಸಂಖ್ಯೆಯನ್ನೇ ಮೀರುತ್ತದೆ, ಯಾಕೆಂದರೆ ಒಬ್ಬರೇ ಎರಡೂ ಕಡೆ ಲೆಕ್ಕಕ್ಕೆ ಸಿಗುತ್ತಾರೆ. ಅವರನ್ನೇ ಕರೆದು ಕೇಳಿದರೆ ಬಹಳಷ್ಟು ಜನ ನಮಗೆ ಯಾವ ಧರ್ಮವೂ ಇಲ್ಲ ಅನ್ನುತ್ತಾರೆ.

ಸುಳ್ಳು ಹೇಳುವವರೂ ಇದ್ದಾರೆ ಬಿಡಿ. ಅಮೆರಿಕದಲ್ಲಿ ಪ್ರತಿ ವಾರ ಚರ್ಚಿಗೆ ಹೋಗುತ್ತೇವೆ ಅಂದವರು ನೂರಕ್ಕೆ 40ರಷ್ಟಿದ್ದರು. 1993ರಲ್ಲಿ ಕೆಲವು ಸಂಶೋಧಕರು ಚರ್ಚುಗಳಲ್ಲಿ ನಿಜಕ್ಕೂ ಎಷ್ಟು ಜನ ಸೇರುತ್ತಾರೆ ಅಂತ ಲೆಕ್ಕ ಹಾಕಿದರೆ ಸಿಕ್ಕಿದ್ದು ಅದರ ಅರ್ಧ!

ಸಮೀಕ್ಷೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ಊರಲ್ಲಿ ಒಂದೇ ಪ್ರಶ್ನೆಯನ್ನು ಹತ್ತು ವರ್ಷ ಬಿಟ್ಟು ಮತ್ತೆ ಕೇಳಿದರೆ ಏನೋ ಗೊತ್ತಾದೀತು. ಮುಂದಿನ ಸಲ ಪಟ್ಟಿ ಹಾಕುವಾಗ ಜನರನ್ನು ಏನು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು ಅನ್ನುವುದನ್ನೂ ಪಕ್ಕದಲ್ಲೇ ಅಚ್ಚು ಹಾಕಿ. ಎರಡು ಸಾಲು ಜಾಗ ಸಾಕು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು