ಗುಂಡುತೋಪು ಮತ್ತೆ ಚಿಗುರಲಿ: ನಮ್ಮ ಬಡಾವಣೆಯ ಹಣ್ಣಿನ ತೋಪಿಗಾಗಿ ದೇಣಿಗೆ ಮನವಿ

ಮಾನ್ಯರೇ,

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಬಡಾವಣೆಯ ನಡುವೆ ಒಂದು ಎಕರೆ ಹತ್ತು ಗುಂಟೆ ಸಾರ್ವಜನಿಕ ಜಾಗವಿದೆ. ನಕ್ಷೆಯಲ್ಲಿ ಅದು ಉದ್ಯಾನವನ. ಕಣ್ಣಿಗೆ ಕಾಣುವುದು ಮಾತ್ರ ಕಟ್ಟಡ ಒಡೆದ ಕಲ್ಲುಮಣ್ಣಿನ ಗುಡ್ಡೆ, ಎದೆಮಟ್ಟ ಬೆಳೆದ ಪಾರ್ಥೇನಿಯಂ, ಮತ್ತು ಈಶಾನ್ಯ ಮೂಲೆಯಲ್ಲಿ ಒಂಟಿಯಾಗಿ ನಿಂತಿರುವ ಒಂದು ಹುಣಸೆಮರ. ಬಡಾವಣೆ ಆಗುವುದಕ್ಕೆ ಮೊದಲು ಇಲ್ಲಿದ್ದ ಹಳ್ಳಿಯ ಗುಂಡುತೋಪಿನಲ್ಲಿ ಉಳಿದುಕೊಂಡಿರುವುದು ಅದೊಂದೇ ಮರ ಎಂದು ಊರಿನ ಹಿರಿಯರು ಹೇಳುತ್ತಾರೆ.

ಗುಂಡುತೋಪು ಎಂಬ ಮಾತನ್ನು ಇಂದಿನ ಮಕ್ಕಳು ಬಸ್ ನಿಲ್ದಾಣದ ಹೆಸರಾಗಿಯಷ್ಟೇ ಕೇಳಿರಬಹುದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರ ಅಂಚಿಗೆ ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಆಲಗಳನ್ನು ಒಟ್ಟಾಗಿ ಬೆಳೆಸಿದ ಈ ತೋಪುಗಳು ಯಾರೊಬ್ಬರ ಸ್ವತ್ತೂ ಆಗಿರದೆ ಇಡೀ ಊರಿನ ಸ್ವತ್ತಾಗಿದ್ದವು. ದನಕರು ನೆರಳಿಗೆ ಬರುತ್ತಿದ್ದವು, ದಾರಿಹೋಕರು ಗಾಡಿ ಬಿಟ್ಟು ಬುತ್ತಿ ಬಿಚ್ಚುತ್ತಿದ್ದರು, ಜಾತ್ರೆಗೆ ಬಂದವರು ಅಲ್ಲಿಯೇ ಅಡುಗೆ ಮಾಡುತ್ತಿದ್ದರು. ಎಷ್ಟೋ ಕಡೆ ವರ್ಷಕ್ಕೊಮ್ಮೆ ಫಸಲನ್ನು ಹರಾಜು ಹಾಕಿ, ಬಂದ ಹಣವನ್ನು ಊರಿನ ಕೆಲಸಕ್ಕೆ ಬಳಸುವ ವಾಡಿಕೆಯಿತ್ತು. ನಗರ ಬೆಳೆದಂತೆ ಇವುಗಳಲ್ಲಿ ಬಹಳಷ್ಟು ರಸ್ತೆಯೋ ನಿವೇಶನವೋ ಕಟ್ಟಡವೋ ಆಗಿಹೋದವು. ಹುಲ್ಲುಹಾಸು ಬೆಳೆಸಿ, ಸುತ್ತ ಕ್ರೋಟನ್ ನೆಟ್ಟು, 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕ ಹಾಕುವ ಇನ್ನೊಂದು ಉದ್ಯಾನ ನಮಗೆ ಬೇಡ. ಯಾರು ಬೇಕಾದರೂ ಬಂದು ಕೂರುವ, ಬೇಕಾದಷ್ಟು ಹಣ್ಣು ಸೊಪ್ಪು ಕಿತ್ತುಕೊಳ್ಳುವ ತೋಪು ಬೇಕು ಎಂದು ನಮ್ಮ ಟ್ರಸ್ಟ್ ಮತ್ತು ಬಡಾವಣೆಯ ನಿವಾಸಿಗಳು ಸಭೆ ಸೇರಿ ತೀರ್ಮಾನಿಸಿದ್ದೇವೆ.

ಮೂವತ್ತು ಗುಂಟೆ ತೋಪಿಗೆ; ಉಳಿದ ಇಪ್ಪತ್ತು ಗುಂಟೆ ಮಕ್ಕಳ ಆಟಕ್ಕೆ, ನಡೆದಾಡುವ ದಾರಿಗೆ, ಸೊಪ್ಪಿನ ಪಾತಿಗಳಿಗೆ, ಮತ್ತು ಹಿರಿಯರು ಕೂರಲು ಆ ಹುಣಸೆಮರದ ಸುತ್ತ ಕಟ್ಟುವ ಕಟ್ಟೆಗೆ. ತೋಪಿನಲ್ಲಿ ಮೂವತ್ತು ಅಡಿಗೊಂದರಂತೆ ಹಲಸು, ಮಾವು, ನೇರಳೆ ಬರುತ್ತವೆ. ಅವುಗಳ ನಡುವೆ ಸೀಬೆ, ನೆಲ್ಲಿ, ಸೀತಾಫಲ, ನುಗ್ಗೆ, ಕರಿಬೇವು, ಅಗಸೆ. ಇನ್ನೂ ಕೆಳಗೆ ಚಕ್ರಮುನಿ, ದೊಡ್ಡಪತ್ರೆ. ನೆರಳಿನ ನೆಲದಲ್ಲಿ ಅರಿಸಿನ, ಶುಂಠಿ, ಕೆಸು, ಒಂದೆಲಗ. ಬೇಲಿಗೆ ಹಬ್ಬಲು ಬಸಳೆ. ಎತ್ತರದ ಮರ ಬಿಸಿಲನ್ನು ತಡೆದು ಕೆಳಗಿನ ಗಿಡವನ್ನು ಕಾಯುತ್ತದೆ, ಉದುರಿದ ಎಲೆ ಎಲ್ಲಕ್ಕೂ ಗೊಬ್ಬರವಾಗುತ್ತದೆ. ಮಕ್ಕಳಿಗೆಂದೇ ನಾಲ್ಕು ಗಸಗಸೆ ಹಣ್ಣಿನ ಮರಗಳನ್ನೂ ಸೇರಿಸಿದ್ದೇವೆ. ಅವು ಬೇಗ ಬೆಳೆದು ಎರಡು ವರ್ಷದೊಳಗೆ ನೆರಳನ್ನೂ ಹಣ್ಣನ್ನೂ ಕೊಡುತ್ತವೆ. ಹಲಸಿಗೆ ಅಷ್ಟು ಅವಸರವಿಲ್ಲ. ಹಣ್ಣಿನಲ್ಲಿ ಒಂದು ಪಾಲು ಪಿಕಳಾರ, ಕೋಗಿಲೆ, ಅಳಿಲುಗಳದು. ಅದನ್ನು ನಷ್ಟವೆಂದು ನಾವು ಲೆಕ್ಕ ಹಿಡಿದಿಲ್ಲ.

ಇನ್ನು ಹಣದ ಮಾತು. ಇದನ್ನು ಬಿಚ್ಚಿ ಹೇಳಬೇಕಾದ ಕಾರಣವಿದೆ. ಐದು ವರ್ಷಗಳ ಹಿಂದೆ ವಿಶ್ವ ಪರಿಸರ ದಿನದಂದು ನಾವೇ ಇದೇ ಜಾಗದಲ್ಲಿ ನೂರಿಪ್ಪತ್ತು ಸಸಿಗಳನ್ನು ನೆಟ್ಟಿದ್ದೆವು. ಶಾಮಿಯಾನ ಹಾಕಿಸಿದ್ದೆವು, ಭಾಷಣಗಳಾದವು, ಶಾಲೆಯ ಮಕ್ಕಳು ಒಬ್ಬೊಬ್ಬರೂ ಒಂದೊಂದು ಸಸಿಗೆ ತಮ್ಮ ಹೆಸರಿನ ಚೀಟಿ ಕಟ್ಟಿದರು. ಮುಂದಿನ ಏಪ್ರಿಲ್ ಕಳೆಯುವಷ್ಟರಲ್ಲಿ ಹನ್ನೊಂದು ಸಸಿಗಳು ಉಳಿದಿದ್ದವು. ಇಂದು ಒಂದೂ ಇಲ್ಲ. ನೆಡಲು ಹಣ ಕೂಡಿಸಿದ್ದ ನಾವು ನೀರು ಹಾಕುವವರಿಗೆ ಹಣ ಕೂಡಿಸಿರಲಿಲ್ಲ. ತನ್ನ ಹೆಸರಿನ ಗಿಡ ಎಲ್ಲಿ ಎಂದು ಹುಡುಕಿಕೊಂಡು ಬಂದ ಮಗುವಿಗೆ ಉತ್ತರ ಕೊಡಲಾಗದೆ ನಿಂತ ನೆನಪು ನಮ್ಮಲ್ಲಿ ಹಲವರಿಗಿದೆ.

ಆದ್ದರಿಂದ ಈ ಸಲದ ಅಂದಾಜಿನಲ್ಲಿ ಸಸಿಯ ಖರ್ಚು ಅತಿ ಚಿಕ್ಕದು. ಒಟ್ಟು 30 ಲಕ್ಷ ರೂಪಾಯಿಯ ಯೋಜನೆಯಲ್ಲಿ ಸಸಿಗಳಿಗೆ ಇಟ್ಟಿರುವುದು 1 ಲಕ್ಷ 10 ಸಾವಿರ. ಇಬ್ಬರು ತೋಟದ ಕೆಲಸದವರಿಗೆ ತಿಂಗಳಿಗೆ ತಲಾ 18,000 ರೂಪಾಯಿಯಂತೆ ಮೂರು ವರ್ಷದ ಸಂಬಳಕ್ಕೆ ಇಟ್ಟಿರುವುದು 12 ಲಕ್ಷ 96 ಸಾವಿರ. ಮೂರು ಬೇಸಿಗೆ ದಾಟಿಸಿದರೆ ಹೆಚ್ಚಿನ ಮರಗಳು ತಮ್ಮ ಬೇರನ್ನು ತಾವೇ ನಂಬಿ ನಿಲ್ಲುತ್ತವೆ. ಮಿಕ್ಕ ಮೊತ್ತ ಕಲ್ಲುಮಣ್ಣು ತೆಗೆಸಿ ನೆಲ ಹದಮಾಡಲು, ಜೀವಂತ ಬೇಲಿಗೆ, ಆರು ಇಂಗುಬಾವಿಗಳಿಗೆ, ನೀರಿನ ತೊಟ್ಟಿ ಮತ್ತು ಹನಿ ನೀರಾವರಿಗೆ, ಗೊಬ್ಬರಕ್ಕೆ, ಕಟ್ಟೆ ಮತ್ತು ಕಾಲುದಾರಿಗೆ. ನಿವಾಸಿಗಳು ಈಗಾಗಲೇ 8 ಲಕ್ಷ 40 ಸಾವಿರ ರೂಪಾಯಿ ಕೂಡಿಸಿದ್ದಾರೆ. ಇನ್ನು ಬೇಕಾಗಿರುವುದು 21 ಲಕ್ಷ 60 ಸಾವಿರ.

ನೀರಿನ ಬಗ್ಗೆ ಹಲವರು ಕೇಳಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರ ಕಂಗಾಲಾದಾಗ, ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮನೆಗೆ ನೀರಿಲ್ಲದಿರುವಾಗ ಉದ್ಯಾನಕ್ಕೆ ಕಾವೇರಿ ನೀರು ಕೇಳುವ ಮನಸ್ಸು ನಮಗಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಲೆಕ್ಕದಲ್ಲಿ ನಮ್ಮ ಐವತ್ತು ಗುಂಟೆಯ ಮೇಲೆಯೇ ವರ್ಷಕ್ಕೆ 49 ಲಕ್ಷ ಲೀಟರಿನಷ್ಟು ನೀರು ಸುರಿಯುತ್ತದೆ, ಈಗ ಅದರಲ್ಲಿ ಬಹುಪಾಲು ಗಟ್ಟಿನೆಲದ ಮೇಲೆ ಹರಿದು ಚರಂಡಿ ಸೇರುತ್ತಿದೆ. ಇಂಗುಬಾವಿ ಮತ್ತು ಅಡ್ಡಬದುಗಳು ಅದನ್ನು ಮಣ್ಣಿನಲ್ಲಿ ಉಳಿಸುತ್ತವೆ. ಜನವರಿಯಿಂದ ಮೇ ತಿಂಗಳವರೆಗೆ ಶುದ್ಧೀಕರಿಸಿದ ಕೊಳಚೆ ನೀರನ್ನು ಟ್ಯಾಂಕರಿನಲ್ಲಿ ತಂದು ಮರದ ಬುಡಕ್ಕಷ್ಟೇ ಹನಿಸುತ್ತೇವೆ. ಹಸಿಯಾಗಿ ತಿನ್ನುವ ಸೊಪ್ಪಿನ ಪಾತಿಗಳಿಗೆ ಸಂಗ್ರಹಿಸಿದ ಮಳೆನೀರು ಮಾತ್ರ. ಬೀದಿಮರಗಳ ತರಗೆಲೆಯನ್ನು ಮೂಲೆಯಲ್ಲಿ ಗುಡ್ಡೆಹಾಕಿ ಬೆಂಕಿ ಇಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಇನ್ನು ಮುಂದೆ ಅದೆಲ್ಲ ತೋಪಿನ ನೆಲಕ್ಕೆ ಹೊದಿಕೆಯಾಗಲಿದೆ.

ಹೀಗೆ ಮಾಡಿದವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಸಿಯಾಟಲ್ ನಗರದ ಬೀಕನ್ ಹಿಲ್‌ನಲ್ಲಿ ನಗರದ ಜಲ ಸಂಸ್ಥೆಗೆ ಸೇರಿದ 7 ಎಕರೆ ಜಾಗದಲ್ಲಿ ಅಲ್ಲಿನ ನಿವಾಸಿಗಳು 2012ರಲ್ಲಿ ಆಹಾರ ವನದ ಕೆಲಸ ಆರಂಭಿಸಿದರು. ಅಲ್ಲಿ ಯಾರು ಬೇಕಾದರೂ ಹಣ್ಣು ಕೀಳಬಹುದು. ಅಲ್ಲಿಯೂ ಜನ ಮೊದಲು ಕೇಳಿದ್ದು ನಮ್ಮ ಸಭೆಯಲ್ಲಿ ಎದ್ದ ಪ್ರಶ್ನೆಯನ್ನೇ: ಯಾರೋ ಒಬ್ಬರು ಬಂದು ಎಲ್ಲವನ್ನೂ ಕಿತ್ತುಕೊಂಡು ಹೋದರೆ? ಮನೆಗೆ ಬೇಕಾದಷ್ಟು ಕೀಳಬಹುದು, ಮಾರಲು ಕೀಳಬಾರದು ಎಂಬುದು ನಮ್ಮ ನಿಯಮ. ಹಲಸಿನ ಹಣ್ಣನ್ನು ಮಾತ್ರ ಭಾನುವಾರ ಕಟ್ಟೆಯ ಮೇಲೆ ಕೊಯ್ದು ಎಲ್ಲರಿಗೂ ಹಂಚುತ್ತೇವೆ. ಮನೆಕೆಲಸಕ್ಕೆ ಬರುವವರು, ಪಕ್ಕದ ಕಟ್ಟಡದ ಕೂಲಿಗಳು, ಪೌರಕಾರ್ಮಿಕರು ಬಡಾವಣೆಯ ನಿವಾಸಿಗಳಷ್ಟೇ ಹಕ್ಕಿನಿಂದ ಇಲ್ಲಿಗೆ ಬರಬಹುದು. ಈ ಒಂದು ವಿಷಯದಲ್ಲಿ ನಮ್ಮ ಟ್ರಸ್ಟ್ ಯಾವ ರಾಜಿಗೂ ಸಿದ್ಧವಿಲ್ಲ.

ಜಾಗ ಸಾರ್ವಜನಿಕವಾಗಿಯೇ ಉಳಿಯುತ್ತದೆ. ಉದ್ಯಾನ ಮತ್ತು ಬಯಲು ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ನಾವು ಕೇಳಿ ಪಡೆದಿರುವುದು ಬೆಳೆಸಿ ನೋಡಿಕೊಳ್ಳುವ ಅನುಮತಿಯನ್ನಷ್ಟೇ.

600 ರೂಪಾಯಿ ಕೊಟ್ಟರೆ ತೋಟದ ಕೆಲಸದವರೊಬ್ಬರ ಒಂದು ದಿನದ ಸಂಬಳವಾಗುತ್ತದೆ, 18,000 ಕೊಟ್ಟರೆ ಒಂದು ತಿಂಗಳದು. ಇಷ್ಟೇ ಕೊಡಬೇಕೆಂಬ ನಿಯಮವಿಲ್ಲ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ, ಹೆಚ್ಚಿನ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಕಳುಹಿಸಿ, ಪ್ಯಾನ್ ಸಂಖ್ಯೆ ತಿಳಿಸಿ ರಸೀದಿ ಪಡೆಯಬೇಕಾಗಿ ವಿನಂತಿ. ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲ. ಹೊರದೇಶದಲ್ಲಿದ್ದರೂ ಭಾರತದ ಪೌರತ್ವ ಉಳಿಸಿಕೊಂಡಿರುವ ಬಂಧುಗಳು ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ಸ್ವೀಕರಿಸಲು ನಮಗೆ ಸಾಧ್ಯವಿಲ್ಲ, ದಯವಿಟ್ಟು ಕ್ಷಮಿಸಬೇಕು. ಪ್ರತಿ ತಿಂಗಳ ಜಮಾಖರ್ಚನ್ನೂ, ಬದುಕಿರುವ ಮತ್ತು ಒಣಗಿದ ಗಿಡಗಳ ಎಣಿಕೆಯನ್ನೂ ಉದ್ಯಾನದ ಬಾಗಿಲ ಫಲಕದಲ್ಲಿ ಬರೆಯುತ್ತೇವೆ.

ಗುಂಡಿಗಳನ್ನು ಏಪ್ರಿಲ್‌ನಲ್ಲಿ ತೆಗೆದು ಬಿಸಿಲಿಗೆ ಬಿಡಬೇಕು, ಆರಿದ್ರಾ ಮಳೆಯ ಹೊತ್ತಿಗೆ ಸಸಿಗಳು ನೆಲದಲ್ಲಿರಬೇಕು. ಮಾರ್ಚ್ ಮುಗಿಯುವುದರೊಳಗೆ ತಮ್ಮ ದೇಣಿಗೆ ತಲುಪಿದರೆ ಈ ಮುಂಗಾರು ತಪ್ಪುವುದಿಲ್ಲ. ಕೊಡುವ ಮೊದಲು ಜಾಗವನ್ನು ನೋಡಬೇಕೆನಿಸಿದರೆ ಯಾವ ಭಾನುವಾರವಾದರೂ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಬನ್ನಿ. ಹುಣಸೆಮರದ ಕೆಳಗೆ ಇರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಧರ್ಮದರ್ಶಿಗಳು ಮತ್ತು ಬಡಾವಣೆಯ ನಿವಾಸಿಗಳು